ಲಾಯವೋ, ಟಾಂಗಾ ನಿಲ್ದಾಣವೋ?

ಪಶುವೈದ್ಯಕೀಯ ಓದುತ್ತಾ ಕುದುರೆ ಆರೈಕೆಯ ಇಂಟರ್ನ್‌ಶಿಪ್ ಹುಡುಕುವವರಿಗೆ ಕುಣಿಗಲ್‌ನಂತಹ ತಳಿ ಕೇಂದ್ರದ ಲಾಯ ಒಂದು ದಾರಿ, ಮೈಸೂರಿನ ಟಾಂಗಾದವರ ನಡುವಿನ ಸಮುದಾಯ ಸೇವೆ ಇನ್ನೊಂದು. ಲಾಯದಲ್ಲಿ ಶಿಸ್ತು ಮೈಗೂಡುತ್ತದೆ: ಸುಮಾರು 11 ತಿಂಗಳ ಗರ್ಭ, ಮರಿಗೆ ಹೊತ್ತಿಗೆ ಸರಿಯಾಗಿ ಸಿಗಬೇಕಾದ ಗಿಣ್ಣುಹಾಲು, ಎಲ್ಲಕ್ಕೂ ದಾಖಲೆ.

ಟಾಂಗಾ ನಿಲ್ದಾಣದಲ್ಲಿ ಪಾಠ ಗಾಯದಿಂದಲೇ ಶುರುವಾಗುತ್ತದೆ. ಸಜ್ಜು ಎತ್ತಿದರೆ ಭುಜದ ಮೇಲೆ ರೂಪಾಯಿಯಗಲದ ಹಸಿ ಹುಣ್ಣು. "ಯಜಮಾನರೇ, ಈ ಪಟ್ಟಿಯಡಿ ಮೆತ್ತನೆಯ ಬಟ್ಟೆ ಇಡೋಣವೇ?" ಎಂದು ಕೇಳಲು ಬರಬೇಕು, ಗದರಿದರೆ ನಾಳೆ ಅವರು ಕುದುರೆಯನ್ನು ನಿಮ್ಮ ಬಳಿ ತರುವುದಿಲ್ಲ. 6ರಿಂದ 8 ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಕಟ್ಟಿಸಿ ಎನ್ನುವಾಗ ಅವರ ದಿನದ ದುಡಿಮೆಯ ಲೆಕ್ಕವೂ ನಿಮಗೆ ಗೊತ್ತಿರಬೇಕು.

ರೇಸ್ ಕುದುರೆಗಳ ವೈದ್ಯರಾಗುವ ಆಸೆಯಿದ್ದರೆ ಲಾಯಕ್ಕೆ ಹೋಗಿ. ಇನ್ನೂ ತೀರ್ಮಾನಿಸಿಲ್ಲವೆಂದರೆ, ಮೊದಲು ಟಾಂಗಾದವರ ಬಳಿಗೇ ಹೋಗಿ.