ಕೋಳಿಗೆ ಅಂತ ಅಗ್ಗದ ಮೆಕ್ಕೆಜೋಳ ತರುವ ಮುಂಚೆ ಚೀಲದ ತಳ ನೋಡಿ

ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆ ಜವಾರಿ ಕೋಳಿ ಸಾಕಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. "ಕೋಳಿ ಕಾಳು" ಅಂತ ಕಡಿಮೆ ರೇಟಿಗೆ ಮಾರಿದ ಮೆಕ್ಕೆಜೋಳ ತಿಂದು ಈ ಚಳಿಗಾಲದಲ್ಲಿ ನಮ್ಮ ಮನೆಯ ಅರ್ಧಕ್ಕಿಂತ ಜಾಸ್ತಿ ಕೋಳಿ ಸತ್ತವು.

ಮಳೆಗಾಲದಲ್ಲಿ ಕೋಳಿಯ ಹೊಟ್ಟೆಯ ಚಿಂತೆ ಇರುವುದಿಲ್ಲ. ತಿಪ್ಪೆ ಕೆದರುತ್ತವೆ, ಬದುವಿನಲ್ಲಿ ಹುಳ ಹಿಡಿಯುತ್ತವೆ. ಡಿಸೆಂಬರ್ ಬಂತೆಂದರೆ ಬದು ಒಣಗುತ್ತದೆ, ಹುಳ ಸಿಗುವುದಿಲ್ಲ. ಅಂಗಡಿಯ ಫೀಡ್ ದುಬಾರಿ. ಅಷ್ಟೊತ್ತಿಗೆ ಸರಿಯಾಗಿ ಈ ಚೀಲಗಳು ಸಂತೆಗೆ ಬರುತ್ತವೆ.

ನಮಗೆ ಕೊಟ್ಟ ಚೀಲದ ಬಾಯಿಯಲ್ಲಿ ಒಳ್ಳೆಯ ಒಣ ಕಾಳಿತ್ತು. ಅರ್ಧ ಖಾಲಿಯಾಗುವ ಹೊತ್ತಿಗೆ ಮರಿಗಳು ಒಂದೊಂದಾಗಿ ಬಿದ್ದವು. ಹ್ಯಾಟೆಗಳ ಜುಟ್ಟು ಬಿಳಿಚಿತು, ಮೊಟ್ಟೆ ನಿಂತಿತು. ಅವ್ವ ಕೊಕ್ಕರೆ ರೋಗ (ರಾಣಿಖೇತ್) ಅಂದಳು. ಲಸಿಕೆ ಹಾಕಿಸಿದ್ದೆವಲ್ಲ ಅಂತ ನನಗೆ ಅನುಮಾನ. ಸತ್ತ ಹ್ಯಾಟೆಯನ್ನು ಪಶು ಆಸ್ಪತ್ರೆಗೆ ಒಯ್ದೆ. ಡಾಕ್ಟರ್ ಕೊಯ್ದು ತೋರಿಸಿದರು. ಕೆಂಪಗಿರಬೇಕಾದ ಪಿತ್ತಜನಕಾಂಗ ಹಳದಿಯಾಗಿ ಊದಿತ್ತು, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. "ಏನು ಹಾಕ್ತೀರಿ ಕೋಳಿಗೆ?" ಅಂತ ಅವರು ಕೇಳಿದ ಮೇಲೇ ನಾವು ಚೀಲ ಪೂರ್ತಿ ಸುರುವಿದ್ದು. ತಳದ ಕಾಳು ಹೆಂಟೆಗಟ್ಟಿತ್ತು. ಕಾಳು ಸೀಳಿದರೆ ಮೊಳಕೆ ಬರುವ ತುದಿಯಲ್ಲಿ ಹಸಿರು ಪುಡಿ, ಮುಗ್ಗಲು ವಾಸನೆ.

ವ್ಯಾಪಾರಿ ಹೇಳಿದ್ದು ಇಷ್ಟು: "ಕಲ್ಲು ತಿಂದು ಅರಗಿಸ್ಕೋತಾವ್ರಿ ಕೋಳಿ. ತೊಳದು ಬಿಸಿಲಿಗೆ ಹಾಕ್ರಿ, ಏನೂ ಆಗಂಗಿಲ್ಲ." ಈ ಮಾತನ್ನು ಯಾರೂ ನಂಬಬೇಡಿ. ಹಸಿ ಕಾಳನ್ನು ಚೀಲಕ್ಕೆ ತುಂಬಿದರೆ ಬೆಳೆಯುವ ಬೂಸ್ಟು ಅಫ್ಲಾಟಾಕ್ಸಿನ್ ಅನ್ನೋ ವಿಷ ಬಿಡುತ್ತದೆ. ತೊಳೆದರೆ ಬೂಸ್ಟು ಹೋಗಬಹುದು, ವಿಷ ಕಾಳಿನೊಳಗೇ ಇರುತ್ತದೆ. ಕುದಿಸಿದರೂ ಹುರಿದರೂ ಪೂರ್ತಿ ಹೋಗುವುದಿಲ್ಲ. ಮೈಯ ರೋಗ ತಡೆಯುವ ಶಕ್ತಿಯನ್ನೂ ಅದು ಕುಗ್ಗಿಸುತ್ತದೆ, ಹಾಕಿಸಿದ ಲಸಿಕೆಯೂ ಸರಿಯಾಗಿ ಹತ್ತುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಜಾಸ್ತಿ ಟರ್ಕಿ ಕೋಳಿಗಳು ಸತ್ತಾಗಲೇ ಈ ವಿಷ ಪತ್ತೆಯಾಗಿದ್ದು. ಅಲ್ಲಿ ಕಾರಣ ಶೇಂಗಾ ಹಿಂಡಿ. ಹಾಗಾಗಿ ಹಿಂಡಿ ತರುವವರೂ ಮುರಿದು, ಮೂಸಿ ನೋಡಿ.

ಮೆಕ್ಕೆಜೋಳ ತರುವಾಗ ಚೀಲದ ತಳಕ್ಕೆ ಕೈ ಹಾಕಿ. ಬೆಚ್ಚಗಿದ್ದರೆ ಬಿಟ್ಟುಬಿಡಿ. ಕಾಳು ಕಡಿದರೆ ಕಟ್ ಅನ್ನಬೇಕು. ಬಿತ್ತಿ ಉಳಿದ ಗುಲಾಬಿ ಬಣ್ಣದ ಬೀಜವನ್ನಂತೂ ತೊಳೆದೂ ಹಾಕಬೇಡಿ, ಅದಕ್ಕೆ ಔಷಧಿ ಬಳಿದಿರುತ್ತದೆ.

ಈಗ ನಾವು ಹಾಕುತ್ತಿರುವುದು ಮನೆಯ ಸಜ್ಜೆ ಮತ್ತು ಗಂಗಾವತಿ ಮಿಲ್ಲಿನ ಒಣ ನುಚ್ಚು. ಜೊತೆಗೆ ಹೆಚ್ಚಿದ ನುಗ್ಗೆಸೊಪ್ಪು. ಹಳೇ ಗಡಿಗೆಗೆ ಒದ್ದೆ ಹುಲ್ಲು, ಸಗಣಿ ತುಂಬಿ ಗೆದ್ದಲು ಇರುವ ಕಡೆ ಬೋರಲು ಹಾಕುತ್ತೇವೆ. ಬೆಳಿಗ್ಗೆ ಎತ್ತಿದರೆ ಒಳಗೆ ಸೇರಿದ ಗೆದ್ದಲಿಗೆ ಉಳಿದ ಮರಿಗಳು ಮುಗಿಬೀಳುತ್ತವೆ. ನೀರಿನ ಮೇಲೆ ತೇಲಿ ಬೆಳೆಯುವ ಅಜೋಲಾ ಸೊಪ್ಪು ಒಳ್ಳೆಯದೇ, ಆದರೆ ಅದರಲ್ಲಿ ನೀರೇ ಜಾಸ್ತಿ, ಕಾಳಿನ ಜಾಗ ತುಂಬುವುದಿಲ್ಲ. ರೊಟ್ಟಿ ಮಾಡುವ ಜೋಳ ಹಾಕುವುದಾದರೆ ಒಣ ಕಾಳಾಗಿಯೇ ಹಾಕಿ. ಅದರ ಎಳೆ ಮೊಳಕೆಯಲ್ಲಿ ಸಯನೈಡ್ ವಿಷ ಹುಟ್ಟುತ್ತದೆ.

ಉಳಿದ ಮೆಕ್ಕೆಜೋಳವನ್ನು ಎಮ್ಮೆಗಾದರೂ ಹಾಕೋಣ ಅಂದರು ಮನೆಯಲ್ಲಿ. ಡಾಕ್ಟರ್ ಬೇಡವೇ ಬೇಡ ಅಂದರು, ಆ ವಿಷ ಹಾಲಿಗೂ ಇಳಿಯುತ್ತದಂತೆ. ಗುಂಡಿ ತೋಡಿ ಮುಚ್ಚಿದೆವು. ನಿಮ್ಮ ಮನೆಯಲ್ಲೂ ಅಂಥ ಚೀಲವಿದ್ದರೆ ದನಕ್ಕೂ ಹಾಕಬೇಡಿ, ಇನ್ನೊಬ್ಬರಿಗೆ ಮಾರಲೂ ಬೇಡಿ.