ಹೊಸ ರೂಟರ್ ಹಾಕಿದ ಮೇಲೆ ವೈರಿನ ವೇಗ ಇಳಿಯಿತೇ? ಮೂರು ಜೋಡಣೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದು

ನಮ್ಮದು 300 ಎಂಬಿಪಿಎಸ್‌ನ ಫೈಬರ್ ಪ್ಲಾನ್. ಇಂಟರ್ನೆಟ್ ಕಂಪನಿ ಕೊಟ್ಟ ಡಬ್ಬಿಯ ವೈಫೈ ಮಹಡಿಗೆ ತಲುಪುತ್ತಿರಲಿಲ್ಲವೆಂದು ನಾಲ್ಕು ಆಂಟೆನಾದ ಹೊಸ ರೂಟರ್ ತಂದೆವು. ಮಹಡಿಯಲ್ಲಿ ಮೊಬೈಲಿಗೆ ಸಿಗ್ನಲ್ ಚೆನ್ನಾಗಿ ಬಂತು. ಆದರೆ ವೈರು ಹಾಕಿದ ಕಂಪ್ಯೂಟರಿನಲ್ಲಿ ಮೊದಲು 290ರ ಆಸುಪಾಸು ಬರುತ್ತಿದ್ದ ಸ್ಪೀಡ್ ಟೆಸ್ಟ್ ಈಗ 94ಕ್ಕೆ ನಿಂತಿತು. ಬೆಳಿಗ್ಗೆ ನೋಡಿದರೂ 94, ರಾತ್ರಿ ನೋಡಿದರೂ 94.

ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಮಾಡುವುದು ಕಸ್ಟಮರ್ ಕೇರ್‌ಗೆ ಫೋನ್. ಅದಕ್ಕೆ ಮುಂಚೆ ಆ ಅಂಕಿಯನ್ನೇ ಸರಿಯಾಗಿ ನೋಡಬೇಕು ಎನ್ನುತ್ತೇನೆ. ಲೈನಿನಲ್ಲಿ ದಟ್ಟಣೆ ಇದ್ದರೆ ವೇಗ ಏರಿಳಿಯುತ್ತದೆ, ಸಂಜೆ ಬಿದ್ದು ನಸುಕಿನಲ್ಲಿ ಏಳುತ್ತದೆ. ಗೋಡೆಗೆ ತಾಗಿದಂತೆ 94ರಲ್ಲೇ ನಿಂತರೆ ಎಲ್ಲೋ ಒಂದು ಕಡೆ ಸಂಪರ್ಕ 100 ಎಂಬಿಪಿಎಸ್‌ಗೆ ಇಳಿದಿದೆ ಎಂದೇ ಅರ್ಥ. ಡೇಟಾ ತುಂಡುತುಂಡಾಗಿ ಓಡುತ್ತದೆ, ಆ ತುಂಡೇ ಪ್ಯಾಕೆಟ್; ಪ್ರತಿ ಪ್ಯಾಕೆಟ್ಟಿನ ತಲೆಬರಹಕ್ಕೆ ಹೋಗುವ ಪಾಲು ಕಳೆದು ಆ ನೂರರಲ್ಲಿ ನಮ್ಮ ಕೈಗೆ ಸಿಗುವುದು 94ರಷ್ಟು. ಗಿಗಾಬಿಟ್ ಸಂಪರ್ಕದಲ್ಲೂ ಇದೇ ಲೆಕ್ಕ, 1000ಕ್ಕೆ 940.

ಆ ನೂರು ಎಲ್ಲಿ ಅಡಗಿದೆ ಎಂದು ಹಿಡಿಯಲು ಮೊಬೈಲ್ ಒಂದಿದ್ದರೆ ಸಾಕು. ಹೊಸ ರೂಟರಿನ ಪಕ್ಕದಲ್ಲೇ ನಿಂತು ವೈಫೈನಲ್ಲಿ ಟೆಸ್ಟ್ ಮಾಡಿ. ವೈಫೈನಲ್ಲಿ 250, 280 ಬಂದು ವೈರಿನಲ್ಲಿ ಮಾತ್ರ 94 ಎಂದಾದರೆ ತೊಂದರೆ ರೂಟರಿನಿಂದ ಕಂಪ್ಯೂಟರಿನವರೆಗಿನ ದಾರಿಯಲ್ಲಿದೆ. ಎರಡರಲ್ಲೂ 94 ಎಂದಾದರೆ ಕಂಪನಿಯ ಫೈಬರ್ ಡಬ್ಬಿಯಿಂದ ರೂಟರಿನವರೆಗಿನ ಗಿಡ್ಡ ಕೇಬಲ್ಲೋ ಹೊರಗಿನ ಲೈನ್ ಬಂದು ಸೇರುವ ರೂಟರಿನ ವ್ಯಾನ್ ಪೋರ್ಟೋ ಕಾರಣ.

ನಮ್ಮಲ್ಲಿ ಎರಡರಲ್ಲೂ 94. ಆ ರೂಟರಿನ ಪೋರ್ಟ್‌ಗಳೇ 10/100ರವು, ಅಂದರೆ 100 ಎಂಬಿಪಿಎಸ್‌ಗಿಂತ ಮೇಲೆ ಹೋಗಲಾರವು. ಅದು ಬಂದ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿದ್ದ ಎಸಿ1200 ಎಂಬುದು ವೈಫೈಯ ಲೆಕ್ಕ: 2.4 ಗಿಗಾಹರ್ಟ್ಸ್‌ನ 300, 5 ಗಿಗಾಹರ್ಟ್ಸ್‌ನ 867, ಎರಡನ್ನೂ ಕೂಡಿಸಿ ಮೇಲಕ್ಕೆ ದುಂಡಾಗಿಸಿದ್ದು. ಗಾಳಿಯಲ್ಲಿ ಅಷ್ಟು ಓಡಬಲ್ಲ ಸಾಧನಕ್ಕೆ ಹೊರಗಿನಿಂದ ಡೇಟಾ ಬರುವ ಬಾಗಿಲು ನೂರರದ್ದು. 100ಕ್ಕಿಂತ ಮೇಲಿನ ಪ್ಲಾನ್ ಇರುವ ಮನೆಗೆ ಇಂಥದ್ದನ್ನು ಅಂಗಡಿಯವರು ಮಾರಲೇಬಾರದು. ಪೆಟ್ಟಿಗೆಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 10/100/1000 ಅಥವಾ ಗಿಗಾಬಿಟ್ ಎಂದು ಇದೆಯೇ ನೋಡಿಯೇ ದುಡ್ಡು ಕೊಡಿ. ಆಂಟೆನಾ ಎಷ್ಟಿದೆ ಎಂಬುದು ಆಮೇಲಿನ ಮಾತು.

ಅದನ್ನು ಬದಲಿಸಿ ಗಿಗಾಬಿಟ್ ಪೋರ್ಟ್‌ನ ರೂಟರ್ ತಂದಾಗ ಹಾಲ್‌ನಲ್ಲಿ ವೇಗ ಸರಿಹೋಯಿತು. ಕಂಪ್ಯೂಟರನ್ನು ಮಹಡಿಯ ಕೋಣೆಗೆ ಒಯ್ದು ಗೋಡೆಯ ಪಾಯಿಂಟಿಗೆ ಸಿಕ್ಕಿಸಿದರೆ ಮತ್ತೆ 94. ಈ ಸಲ ವೈಫೈ ಚೆನ್ನಾಗಿತ್ತು, ವೈರು ಮಾತ್ರ ಕುಂಟುತ್ತಿತ್ತು. ಗೋಡೆಯ ಪ್ಲೇಟ್ ಬಿಚ್ಚಿದಾಗ ಉತ್ತರ ಸಿಕ್ಕಿತು. ಮನೆ ಕಟ್ಟುವಾಗ ವೈರಿಂಗ್ ಮಾಡಿದವರು ಒಂದೇ ಕೇಬಲ್‌ನಲ್ಲಿ ಕಿತ್ತಳೆ ಮತ್ತು ಹಸಿರು ಜೋಡಿಗಳನ್ನು ನೆಟ್‌ಗೆ, ನೀಲಿ ಜೋಡಿಯನ್ನು ಲ್ಯಾಂಡ್‌ಲೈನಿಗೆ ಕೊಟ್ಟು ಕಂದು ಜೋಡಿಯನ್ನು ಮಡಚಿ ಬಿಟ್ಟಿದ್ದರು. 100 ಎಂಬಿಪಿಎಸ್‌ಗೆ ಎರಡು ಜೋಡಿ ತಂತಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಜೋಡಿ, ಅಂದರೆ ಎಂಟೂ ತಂತಿ ಬೇಕು. ನೀಲಿ, ಕಂದು ಜೋಡಿಗಳ ಒಂದು ತಂತಿ ಕ್ರಿಂಪಿಂಗ್‌ನಲ್ಲಿ, ಅಂದರೆ ತುದಿಗೆ ಪ್ಲಗ್ ಒತ್ತಿ ಕೂರಿಸುವಾಗ, ಸರಿಯಾಗಿ ಕೂರದಿದ್ದರೂ ಸಂಪರ್ಕ ಸುಮ್ಮನೆ ನೂರಕ್ಕೆ ಇಳಿದುಬಿಡುತ್ತದೆ, ಎಲ್ಲಿಯೂ ದೂರು ಹೇಳುವುದಿಲ್ಲ. ಬಳಸದ ಲ್ಯಾಂಡ್‌ಲೈನ್ ತೆಗೆದು ಎಂಟೂ ತಂತಿಗಳನ್ನು ಎರಡೂ ತುದಿಯಲ್ಲಿ ಒಂದೇ ಕ್ರಮದಲ್ಲಿ ಕೂರಿಸಿದ ಮೇಲೆ ವಿಂಡೋಸ್‌ನ ಈಥರ್‌ನೆಟ್ ಸೆಟ್ಟಿಂಗಿನಲ್ಲಿ ಲಿಂಕ್ ಸ್ಪೀಡ್ 1000/1000 ಎಂದು ತೋರಿಸಿತು. ಹಳೆಯ ಕ್ಯಾಟ್ 5ಇ ಕೇಬಲ್ಲೇ 100 ಮೀಟರಿನವರೆಗೆ ಗಿಗಾಬಿಟ್ ಹೊರುತ್ತದೆ, ಅದನ್ನು ಕಿತ್ತು ಕ್ಯಾಟ್ 6 ಎಳೆಸುವ ಖರ್ಚು ಈ ಕಾರಣಕ್ಕೆ ಬೇಕಿಲ್ಲ. ಹೊಸದು ಕೊಳ್ಳುವುದೇ ಆದರೆ ಸಿಸಿಎ, ಅಂದರೆ ತಾಮ್ರದ ಲೇಪನದ ಅಲ್ಯೂಮಿನಿಯಂ ತಂತಿ ಬೇಡ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಾಗಲಿ ನಿಮ್ಮೂರಿನ ಅಂಗಡಿಯಲ್ಲಾಗಲಿ ಅಪ್ಪಟ ತಾಮ್ರದ್ದೇ ಬೇಕೆಂದು ಕೇಳಿ ತನ್ನಿ.

ಕೇಬಲ್ ಮತ್ತು ಪೋರ್ಟ್ ಸರಿಯಾದ ಮೇಲೆ ಮೂರು ಜೋಡಣೆಗಳನ್ನು ಅದೇ ಕಂಪ್ಯೂಟರ್, ಅದೇ ಕೇಬಲ್, ಅದೇ ಟೆಸ್ಟ್ ಸರ್ವರ್ ಇಟ್ಟುಕೊಂಡು ಹೋಲಿಸಿದೆ.

ಮೊದಲನೆಯದು, ಫೈಬರ್ ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿ, ಅಂದರೆ ಅದು ಬರೀ ಸೇತುವೆಯಂತೆ ಡೇಟಾ ದಾಟಿಸುವಂತೆ ಮಾಡಿ, ಹೊಸ ರೂಟರಿನಿಂದಲೇ ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಕಂಪನಿಯ ಜಾಲಕ್ಕೆ ಸೇರುವ ವಿಧಾನ) ಲಾಗಿನ್ ಮಾಡಿಸುವುದು. ಬ್ರಿಡ್ಜ್ ಮಾಡಲು ಲೈನಿನವರನ್ನು ಕೇಳಬೇಕಾಗುತ್ತದೆ. ಕೆಲವು ಕಂಪನಿಗಳಿಗೆ ವಿಲ್ಯಾನ್ (ಒಂದೇ ಲೈನಿನಲ್ಲಿ ಬೇರೆ ಬೇರೆ ಜಾಲಗಳನ್ನು ಗುರುತಿಸುವ) ಸಂಖ್ಯೆ ಹಾಕಬೇಕು, ಕೆಲವು ಕಡೆ ಅವರಲ್ಲಿ ದಾಖಲಾದ ಹಳೆಯ ಸಾಧನದ ಗುರುತು ಸಂಖ್ಯೆಯಾದ ಮ್ಯಾಕ್ ವಿಳಾಸವನ್ನು ಅವರೇ ಬಿಡಿಸಿಕೊಡಬೇಕು. ವೇಗ 285ರ ಸುತ್ತ ಬಂತು. ಆದರೆ ಮಕ್ಕಳ ಮೊಬೈಲಿಗೆ ಮಿತಿ ಹಾಕಲೆಂದು ಯಾವ ಸಾಧನಕ್ಕೆ ಎಷ್ಟು ವೇಗ ಎಂದು ಹಂಚುವ, ರೂಟರಿನ ಕ್ಯೂಒಎಸ್ ಆನ್ ಮಾಡಿದ ಕೂಡಲೇ ಅದು 170ಕ್ಕೆ ಬಿತ್ತು. ಈ ಬಗೆಯ ರೂಟರುಗಳ ಪುಟ್ಟ ಪ್ರೊಸೆಸರಿಗೆ ಪ್ರತಿ ಪ್ಯಾಕೆಟ್ಟನ್ನೂ ಬಿಚ್ಚಿ ಪೂರ್ತಿ ವೇಗದಲ್ಲಿ ವಿಳಾಸ ಬದಲಿಸುವ ಶಕ್ತಿ ಇರುವುದಿಲ್ಲ. ಆ ಕೆಲಸಕ್ಕೆ ಒಳಗೆ ಬೇರೆಯೇ ಸರ್ಕ್ಯೂಟ್ ಇರುತ್ತದೆ, ಮೆನುವಿನಲ್ಲಿ ಹಾರ್ಡ್‌ವೇರ್ ನ್ಯಾಟ್ ಎಂದು ಕಾಣುವುದು ಅದೇ. ಕ್ಯೂಒಎಸ್, ಪೇರೆಂಟಲ್ ಕಂಟ್ರೋಲ್, ಯಾರು ಎಷ್ಟು ಬಳಸಿದರೆಂಬ ಲೆಕ್ಕ ಇವುಗಳಲ್ಲಿ ಯಾವುದನ್ನು ಆನ್ ಮಾಡಿದರೂ ಅನೇಕ ರೂಟರುಗಳಲ್ಲಿ ಆ ಅಡ್ಡದಾರಿ ಮುಚ್ಚಿ ಎಲ್ಲ ಭಾರ ಪ್ರೊಸೆಸರಿನ ಮೇಲೆ ಬೀಳುತ್ತದೆ. ಹೊಸ ರೂಟರಿನಲ್ಲಿ ವೇಗ 94ಕ್ಕೆ ನಿಲ್ಲದೆ 150, 180, 210 ಎಂದು ಓಲಾಡುತ್ತಿದ್ದರೆ ನನ್ನ ಮೊದಲ ಅನುಮಾನ ಇದರ ಮೇಲೆಯೇ. ಕೆಲವು ಸೈಟುಗಳು ಮಾತ್ರ ತೆರೆಯದೆ ತಡವರಿಸಿದರೆ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, 1492 ಇದೆಯೇ ನೋಡಿ. ಪಿಪಿಪಿಒಇ 1500ರಲ್ಲಿ 8 ಬೈಟ್ ತಾನು ತೆಗೆದುಕೊಳ್ಳುತ್ತದೆ.

ಎರಡನೆಯದು, ಕಂಪನಿಯ ಡಬ್ಬಿಯೇ ರೂಟರ್ ಆಗಿರಲಿ, ಹೊಸದು ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಬರೀ ವೈಫೈ ಹಂಚಲಿ ಎಂಬ ಜೋಡಣೆ. ವೈರಿನಲ್ಲಿ 290ಕ್ಕೂ ಮೇಲೆ, ಅಲುಗದ ವೇಗ. ಹೊಸ ರೂಟರ್ ಇಲ್ಲಿ ನೆಟ್‌ವರ್ಕ್ ಸ್ವಿಚ್‌ನಂತೆ, ವಿಳಾಸ ಬದಲಿಸದೆ, ಪ್ಯಾಕೆಟ್ಟುಗಳನ್ನು ದಾಟಿಸುವುದರಿಂದ ಅದರ ಪ್ರೊಸೆಸರಿಗೆ ಹೊರೆಯೇ ಇಲ್ಲ. ಆಕ್ಸೆಸ್ ಪಾಯಿಂಟ್ ಮೋಡ್ ಇಲ್ಲದ ರೂಟರಾದರೆ ಸಾಧನಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಅದರ ವಿಳಾಸ ಮುಖ್ಯ ಡಬ್ಬಿಯದ್ದಕ್ಕೆ ಡಿಕ್ಕಿಯಾಗದಂತೆ ಬದಲಿಸಿ, ವ್ಯಾನ್ ಬಿಟ್ಟು ಲ್ಯಾನ್ ಪೋರ್ಟಿಗೆ ಕೇಬಲ್ ಕೊಟ್ಟರೆ ಅದೇ ಫಲ. ಕೊರತೆ ಎಂದರೆ ಮುಖ್ಯ ಡಬ್ಬಿ ನಮ್ಮ ಕೈಯಲ್ಲಿ ಪೂರ್ತಿ ಇರುವುದಿಲ್ಲ. ನಮ್ಮದರಲ್ಲಿ ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸುವ ಪುಟಕ್ಕೇ ಬೀಗ ಹಾಕಿತ್ತು.

ಮೂರನೆಯದಕ್ಕೆ ಎರಡು ಲ್ಯಾನ್ ಪೋರ್ಟ್‌ನ, ಇಂಟೆಲ್ ಎನ್100 ಪ್ರೊಸೆಸರಿನ ಪುಟ್ಟ ಪಿಸಿ ತಂದು, ಅದನ್ನೇ ರೂಟರ್ ಆಗಿಸುವ ಓಪನ್‌ಡಬ್ಲ್ಯುಆರ್‌ಟಿ ಎಂಬ ತಂತ್ರಾಂಶ ಹಾಕಿದೆ. ಫೈಬರ್ ಡಬ್ಬಿ ಬ್ರಿಡ್ಜ್‌ನಲ್ಲಿ, ಹೊಸ ರೂಟರ್ ವೈಫೈಗೆ ಮಾತ್ರ. ಟೆಸ್ಟ್ ಇಲ್ಲಿ 270 ತೋರಿಸುತ್ತದೆ, ಏಕೆಂದರೆ ಮಿತಿಯನ್ನು ಲೈನಿನ ವೇಗಕ್ಕಿಂತ ತುಸು ಕೆಳಗೆ ನಾನೇ ಇಟ್ಟಿದ್ದೇನೆ. ಹಾಗೆ ಇಟ್ಟಾಗ ಎಸ್‌ಕ್ಯೂಎಂ ಎಂಬ ಸೌಲಭ್ಯ, ಅದರೊಳಗಿನ ಕೇಕ್ ಎಂಬ ಸರದಿ ವ್ಯವಸ್ಥೆ, ದೊಡ್ಡ ಡೌನ್‌ಲೋಡಿನ ಹಿಂದೆ ಸಣ್ಣ ಪ್ಯಾಕೆಟ್ಟುಗಳು ಕಾಯುತ್ತ ನಿಲ್ಲದಂತೆ ನೋಡಿಕೊಳ್ಳುತ್ತದೆ. ಮೊದಲೆರಡು ಜೋಡಣೆಗಳಲ್ಲಿ ಮೊಬೈಲಿನ ಫೋಟೋಗಳು ಕ್ಲೌಡಿಗೆ ಏರುವಾಗ ಪಿಂಗ್, ಅಂದರೆ ಪ್ಯಾಕೆಟ್ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತು, 100 ಮಿಲಿಸೆಕೆಂಡ್ ದಾಟಿ ವಿಡಿಯೊ ಕರೆಯಲ್ಲಿ ಮಾತು ತುಂಡಾಗುತ್ತಿತ್ತು. ಇಲ್ಲಿ 20ರೊಳಗೆ ಉಳಿಯಿತು. ಮನೆಯಿಂದ ಕೆಲಸ ಮಾಡುವವರಿಗೆ ಆ 20 ಎಂಬಿಪಿಎಸ್ ಹೋದದ್ದು ನಷ್ಟವೇ ಅಲ್ಲ, ನನಗಂತೂ ಈ ಬದಲಾವಣೆಯೇ ಎಲ್ಲಕ್ಕಿಂತ ಹೆಚ್ಚು ಬೆಲೆಯದ್ದು.

ಕರೆಂಟ್ ಹೋದಾಗ ಮಾತ್ರ ಲೆಕ್ಕ ತಿರುವುಮುರುವು. ಫೈಬರ್ ಡಬ್ಬಿ, ರೂಟರ್ ಎರಡೂ 12 ವೋಲ್ಟ್‌ನ ಪುಟ್ಟ ಯುಪಿಎಸ್‌ನಲ್ಲಿ ಗಂಟೆಗಟ್ಟಲೆ ಬದುಕುತ್ತವೆ. ಪಿಸಿ ಸೇರಿದರೆ ಬ್ಯಾಟರಿ ಬೇಗ ಮುಗಿಯುತ್ತದೆ. ಇನ್ವರ್ಟರ್ ಇರುವ ನಮ್ಮ ಮನೆಯಲ್ಲಿ ಅದು ತೊಂದರೆಯಾಗಲಿಲ್ಲ, ಮೂರನೆಯದನ್ನೇ ಉಳಿಸಿಕೊಂಡೆವು. ಊರಿನಲ್ಲಿ ಅಪ್ಪ ಅಮ್ಮನ ಮನೆಗೆ ಕಣ್ಣುಮುಚ್ಚಿ ಎರಡನೆಯದನ್ನು ಹಾಕಿಕೊಟ್ಟೆ. ಅಲ್ಲಿ ಏನಾದರೂ ಕೆಟ್ಟರೆ ಲೈನಿನವರೇ ಬಂದು ತಮ್ಮ ಡಬ್ಬಿಯನ್ನು ನೋಡಿ ಹೋಗುತ್ತಾರೆ, ನಾನು ಬಸ್ ಹತ್ತಿ ಹೋಗಬೇಕಿಲ್ಲ. ಮೊದಲನೆಯ ಬ್ರಿಡ್ಜ್ ಜೋಡಣೆಯನ್ನು ನಾನು ಹೇಳುವುದು ಹೊರಗಿನಿಂದ ಮನೆಯ ಕ್ಯಾಮೆರಾ, ಸರ್ವರ್ ನೋಡಬೇಕಾದವರಿಗೆ ಮಾತ್ರ. ಅದಕ್ಕೂ ಮುಂಚೆ ಕಂಪನಿ ನಿಮಗೆ ಪಬ್ಲಿಕ್ ಐಪಿ, ಅಂದರೆ ಹೊರಗಿನಿಂದ ತಲುಪಬಲ್ಲ ನಿಮ್ಮದೇ ಇಂಟರ್ನೆಟ್ ವಿಳಾಸ, ಕೊಡುತ್ತದೆಯೇ ಎಂದು ಕೇಳಿಕೊಳ್ಳಿ. ಅವರ ಕಡೆಯೇ ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚುವ ಸಿಜಿ-ನ್ಯಾಟ್ ಇದ್ದರೆ ಹಳೆಯ ಬಗೆಯ ಇಂಟರ್ನೆಟ್ ವಿಳಾಸವಾದ ಐಪಿವಿ4ರಲ್ಲಿ ಬ್ರಿಡ್ಜ್ ಮಾಡಿಯೂ ಒಳಗೆ ಬರುವ ದಾರಿ ತೆರೆಯುವುದಿಲ್ಲ.