ಕಾಗೆಬಂಗಾರದ ಮೇಲೆ ಡಿಎನ್‌ಎ: ಮೂರು ಅಂಟುಗಳ ಹೋಲಿಕೆ

ಡಿಎನ್‌ಎಗೂ ಅಭ್ರಕಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ನೀರಿನಲ್ಲಿ ಎರಡೂ ಋಣ ವಿದ್ಯುದಂಶ ಹೊತ್ತಿರುತ್ತವೆ, ಹತ್ತಿರ ಸೇರುವುದಿಲ್ಲ. ಆದರೆ ಸೂಜಿಮೊನೆಯಿಂದ ಮೇಲ್ಮೈಯನ್ನು ತಡವಿ ಚಿತ್ರ ಬಿಡಿಸುವ ಪರಮಾಣು ಬಲ ಸೂಕ್ಷ್ಮದರ್ಶಕದಲ್ಲಿ 2 ನ್ಯಾನೋಮೀಟರ್ ದಪ್ಪದ ಎಳೆಯನ್ನು ನೋಡಬೇಕೆಂದರೆ ಈ ಕಾಗೆಬಂಗಾರಕ್ಕಿಂತ ಒಳ್ಳೆಯ ಹಾಸು ಸಿಗುವುದು ಕಷ್ಟ. ಅಂಟುಪಟ್ಟಿ ಒತ್ತಿ ಎಳೆದರೆ ಮೇಲಿನ ಪದರ ಎದ್ದು ಬರುತ್ತದೆ, ಕೆಳಗೆ ಪರಮಾಣು ಮಟ್ಟದಲ್ಲೂ ಸಪಾಟಾದ ನೆಲ. ಹಾಗಾಗಿ ಇಬ್ಬರ ನಡುವೆ ಧನ ವಿದ್ಯುದಂಶದ ಮಧ್ಯಸ್ಥರು ಬೇಕು. ಲೈಸಿನ್ ಎಂಬ ಅಮೈನೋ ಆಮ್ಲದ ಸರಪಳಿಯಾದ ಪಾಲಿಲೈಸಿನ್, ಮೆಗ್ನೀಸಿಯಂ ಅಯಾನು, ಎಪಿಟಿಇಎಸ್ ಎಂಬ ಸಿಲೇನ್ (ಸಿಲಿಕಾನ್ ಸಂಯುಕ್ತ): ಮೂರನ್ನೂ ಒಂದೇ ಮಾದರಿಯ ಮೇಲೆ ಪ್ರಯತ್ನಿಸಿದೆ. ಮಾದರಿ ಪಿಯುಸಿ19 ಎಂಬ ಪ್ಲಾಸ್ಮಿಡ್, ಅಂದರೆ ಬ್ಯಾಕ್ಟೀರಿಯಾದಲ್ಲಿ ಬೆಳೆಸುವ ಡಿಎನ್‌ಎ ಉಂಗುರ. 2686 ಬೇಸ್ ಜೋಡಿಗಳ (ಡಿಎನ್‌ಎ ಏಣಿಯ ಮೆಟ್ಟಿಲುಗಳ) ಈ ಉಂಗುರವನ್ನು ಒಂದು ಕಡೆ ಕತ್ತರಿಸಿದರೆ, ಜೋಡಿಗೆ 0.34 ನ್ಯಾನೋಮೀಟರ್‌ನಂತೆ ಸುಮಾರು 913 ನ್ಯಾನೋಮೀಟರ್ ಉದ್ದದ ದಾರ.

ಸುಲಭದ್ದೆಂದು ಪಾಲಿಲೈಸಿನ್‌ನಿಂದ ಆರಂಭಿಸಿದೆ. ಒಂದು ಹನಿ, ಒಂದು ನಿಮಿಷ, ತೊಳೆ, ಡಿಎನ್‌ಎ ಹಾಕು. ಪರದೆಯ ತುಂಬ ಎಳೆಗಳು! ಹಿಗ್ಗಿ ಹೋದೆ. ಅಳೆಯಲು ಕುಳಿತಾಗ ಹಿಗ್ಗು ಇಳಿಯಿತು. ಒಂದೊಂದು ಅಣುವೂ ಒಣ ತಟ್ಟೆಗೆ ಸುರಿದ ಬೇಯಿಸಿದ ಶಾವಿಗೆಯಂತೆ, ಬಿದ್ದಲ್ಲೇ ಗುಡ್ಡೆಯಾಗಿ ಅಂಟಿತ್ತು. ಹಿನ್ನೆಲೆಯೂ ರವೆ ಚೆಲ್ಲಿದಂತೆ ತರಿತರಿ.

ಇದಕ್ಕೆ ಲೆಕ್ಕವಿದೆ. ರಿವೆಟ್ಟಿ, ಗುಟ್‌ಹೋಲ್ಡ್, ಬುಸ್ಟಮಾಂಟೆ ಎಂಬ ಸಂಶೋಧಕರು 1996ರಲ್ಲೇ ಇದನ್ನು ತೋರಿಸಿದ್ದರು. ಅಣು ಮೇಲ್ಮೈಯಲ್ಲಿ ಸರಿದಾಡಿ ತನ್ನ ಭಂಗಿಯನ್ನು ತಾನೇ ಹೊಂದಿಸಿಕೊಂಡರೆ ಒಂದು ಆಕಾರ. ದ್ರಾವಣದಲ್ಲಿ ಹೇಗಿತ್ತೋ ಹಾಗೆಯೇ ಸಿಕ್ಕಿಬಿದ್ದರೆ ಅದರ ಚಪ್ಪಟೆ ನೆರಳಿನಂಥ ಇನ್ನೊಂದು ಆಕಾರ. ಡಿಎನ್‌ಎಯ ಬಿಗುವಿನ ಅಳತೆಯಾದ ಪರ್ಸಿಸ್ಟೆನ್ಸ್ ಲೆಂತ್ 50 ನ್ಯಾನೋಮೀಟರ್ ಎಂದಿಟ್ಟುಕೊಂಡರೆ, ನಮ್ಮ ದಾರದ ಎರಡು ತುದಿಗಳ ಸರಾಸರಿ ಅಂತರ ಮೊದಲನೆಯದರಲ್ಲಿ ಸುಮಾರು 400, ಎರಡನೆಯದರಲ್ಲಿ ಸುಮಾರು 240 ನ್ಯಾನೋಮೀಟರ್ ಬರಬೇಕು. ಪಾಲಿಲೈಸಿನ್ ಮೇಲೆ ನಾನು ಅಳೆದದ್ದು ಎರಡನೆಯದರ ಆಸುಪಾಸಿನಲ್ಲೇ ಇತ್ತು. ಇದು ಗೊತ್ತಿಲ್ಲದೆ ಮೊದಲನೆಯ ಆಕಾರದ ಸೂತ್ರ ಹಾಕಿದ್ದರೆ, ಡಿಎನ್‌ಎ ಇರುವುದಕ್ಕಿಂತ ಮೂರು ಪಟ್ಟು ಮೆತ್ತಗೆಂದು ಬರೆದುಬಿಡುತ್ತಿದ್ದೆ.

ಮೆಗ್ನೀಸಿಯಂ ಮೊದಲ ದಿನ ಕೈಕೊಟ್ಟಿತು. ಪರದೆ ಖಾಲಿ. ಸೂಜಿ ಮೊಂಡಾಯಿತೇ ಎಂದು ಬದಲಿಸಿದೆ, ಅಭ್ರಕ ಬದಲಿಸಿದೆ. ತಪ್ಪು ನನ್ನದೇ ಕೊಳವೆಯಲ್ಲಿತ್ತು: ಡಿಎನ್‌ಎಯನ್ನು ಲೋಹದ ಅಯಾನುಗಳನ್ನು ಹಿಡಿದಿಡುವ ಇಡಿಟಿಎ ಇರುವ ಬಫರ್‌ನಲ್ಲಿ (ಆಮ್ಲೀಯತೆ ಏರಿಳಿಯದಂತೆ ಕಾಯುವ ದ್ರಾವಣದಲ್ಲಿ) ಇಟ್ಟಿದ್ದೆ, ಹೆಚ್ಚು ದುರ್ಬಲಗೊಳಿಸದೆ ಹಾಗೇ ಬೆರೆಸಿದ್ದೆ. ನಾನು ಹಾಕಿದ ಅಲ್ಪ ಮೆಗ್ನೀಸಿಯಂನಲ್ಲಿ ಬಹುಪಾಲನ್ನು ಅದೇ ಕಬಳಿಸಿತ್ತು. ಬಫರ್ ಬದಲಿಸಿ, ಮೆಗ್ನೀಸಿಯಂ ಕ್ಲೋರೈಡನ್ನು 10 ಮಿಲಿಮೋಲಾರ್‌ಗೆ ಏರಿಸಿದ ಮೇಲೆ ಎಳೆಗಳು ಬಂದವು. ಪಾಲಿಲೈಸಿನ್‌ಗಿಂತ ವಿರಳ, ಆದರೆ ಎಣ್ಣೆ ಸವರಿದ ತಟ್ಟೆಯ ಮೇಲಿನ ಶಾವಿಗೆಯಂತೆ ಬಿಡಿಬಿಡಿ, ಹಿನ್ನೆಲೆ ಶುಭ್ರ. ತುದಿಗಳ ಅಂತರ 400ರ ಹತ್ತಿರಕ್ಕೆ ಸರಿಯಿತು. ಹಿಡಿತ ಸಡಿಲವಾಗಿರುವುದೇ ಇದರ ಗುಣ, ಅದೇ ದೋಷ ಕೂಡ. ಜೋರಾಗಿ ತೊಳೆದರೆ ಅಣುಗಳು ನೀರುಪಾಲು. ಒಣಗಿಸಲು ನೈಟ್ರೋಜನ್ ಅನ್ನು ಒಂದೇ ದಿಕ್ಕಿನಿಂದ ರಭಸವಾಗಿ ಊದಿದರೆ ಎಳೆಗಳೆಲ್ಲ ಬಾಚಿದ ಕೂದಲಿನಂತೆ ಒಂದೇ ಕಡೆ ಮಲಗುತ್ತವೆ. ಅಂಥ ಚಿತ್ರವನ್ನು ನಾನು ಎಸೆದುಬಿಡುತ್ತೇನೆ.

ಎಪಿಟಿಇಎಸ್ ವಿಚಾರದಲ್ಲಿ ನನಗೆ ತಾಳ್ಮೆ ಕಡಿಮೆ. ಅದರ ಆವಿಯನ್ನು ಒಣ ಡಬ್ಬಿಯಲ್ಲಿ ಅಭ್ರಕಕ್ಕೆ ಹಿಡಿಸಬೇಕು. ಮಳೆಗಾಲದ ತೇವ ತಾಗಿದರೆ ಸಾಕು, ತಾನೇ ಗಂಟುಕಟ್ಟಿಕೊಂಡು ಮೇಲ್ಮೈ ಮೊಡವೆಯ ಮುಖದಂತಾಗುತ್ತದೆ. ನನ್ನ ಕೈಯಲ್ಲಿ ಅದೂ ಅಣುಗಳನ್ನು ಬಿದ್ದಲ್ಲೇ ಹಿಡಿದುಹಾಕಿತು. ಮೆಗ್ನೀಸಿಯಂ ಇರಲೇಬಾರದ ಪ್ರಯೋಗಗಳಿಗೆ ಮಾತ್ರ ಇದು ಅನಿವಾರ್ಯವಾಗಬಹುದು.

ಆಕಾರ ಬೇಕಾದಾಗ ಈಗ ಮೆಗ್ನೀಸಿಯಂ ಬಿಟ್ಟು ಬೇರೆ ಮುಟ್ಟುವುದಿಲ್ಲ. ಪಾಲಿಲೈಸಿನ್ ಶೀಶೆಯನ್ನು ಎಸೆದಿಲ್ಲ; ಪರದೆ ಖಾಲಿ ಬಂದ ದಿನ, ಕೊಳವೆಯಲ್ಲಿ ಡಿಎನ್‌ಎ ಇದೆಯೋ ಇಲ್ಲವೋ ಎಂದು ನೋಡಲು ಒಂದು ಹನಿ ಬಳಸುತ್ತೇನೆ. ಆ ಚಿತ್ರದಲ್ಲಿ ಎಳೆ ಬಿಡಿಯಾಗಿ ಕಂಡರೆ ಉದ್ದ ಅಳೆಯುತ್ತೇನೆ, ಬಾಗನ್ನು ಅಳೆಯುವುದಿಲ್ಲ.